ಸತ್ಯಾಂಶ: ಮಾನೆಯ ಚಿತ್ರ ಕದ್ದದ್ದಾ?

ಫ್ರಾನ್ಸಿನ ಚಿತ್ರಕಾರ ಎಡ್ವಾರ್ಡ್ ಮಾನೆ 1863ರಲ್ಲಿ ತೋರಿಸಿದ ‘ಹುಲ್ಲಿನ ಮೇಲೆ ಊಟ’ ಚಿತ್ರದ ರಚನೆ ಬೇರೆಯವರಿಂದ ಕದ್ದದ್ದು, ಆ ವಿಷಯವನ್ನು ಮುಚ್ಚಿಟ್ಟಿದ್ದರು ಅನ್ನುವ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

ಚಿತ್ರದಲ್ಲಿ ಕೂತ ಮೂವರ ಭಂಗಿ ಇಟಲಿಯ ಹಳೆಯ ಚಿತ್ರಕಾರ ರಾಫೆಲ್‌ನದು ಹೌದು. ಅವನ ರಚನೆಯನ್ನು ಅಚ್ಚುಕೆತ್ತನೆಗಾರ ರೈಮೊಂಡಿ ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ್ದ. ಅದರ ಬಲಮೂಲೆ ನೋಡಿ: ಇಬ್ಬರು ನದಿದೇವತೆಗಳು, ಒಬ್ಬ ಅಪ್ಸರೆ. ಅದೇ ಮೊಣಕೈ, ಅದೇ ಕಾಲು. ಆದರೆ ಇದು ಗುಟ್ಟಲ್ಲ. ವಿಮರ್ಶಕ ಎರ್ನೆಸ್ಟ್ ಶೆನೋ 1864ರಲ್ಲೇ ಇದನ್ನು ಬರೆದಿದ್ದ. ಹಳೆಯ ಚಿತ್ರ ನೋಡಿ ಬರೆಯುವುದೇ ಆಗಿನ ಪಾಠ. ಮಾನೆಯೂ ಪ್ಯಾರಿಸ್ಸಿನ ಮ್ಯೂಸಿಯಂ ಲೂವ್ರ್‌ನಲ್ಲಿ ಹಾಗೇ ಕಲಿತ.

ಅವನು ಬದಲಿಸಿದ್ದೇ ಜಾಸ್ತಿ ಮುಖ್ಯ ಅಲ್ವಾ? ದೇವತೆಗಳ ಜಾಗದಲ್ಲಿ ಕೋಟು ತೊಟ್ಟ ಪ್ಯಾರಿಸ್ಸಿನ ಗಂಡಸರು, ಪಕ್ಕದಲ್ಲೇ ಅವರ ಕಾಲದ ಬೆತ್ತಲೆ ಹೆಣ್ಣು. ಜನ ಸಿಟ್ಟಾದದ್ದು ಇದಕ್ಕೆ. ಮುಂದೆ ಪಿಕಾಸೊ ಇದೇ ಚಿತ್ರವನ್ನು 1959ರಿಂದ 1962ರವರೆಗೆ ಮತ್ತೆ ಮತ್ತೆ ಬರೆದ.