ಜನಧನ್ ಖಾತೆಯ 10,000 ರೂಪಾಯಿ ಪುಕ್ಕಟೆ ಹಣವಲ್ಲ

'ಜನಧನ್ ಖಾತೆ ಇದ್ದವರಿಗೆಲ್ಲ ಸರ್ಕಾರದಿಂದ 10,000 ರೂಪಾಯಿ ಉಚಿತ, ವಾಪಸ್ ಕಟ್ಟಬೇಕಿಲ್ಲ, ಲಿಂಕ್ ಒತ್ತಿ' ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಆ 10,000 ಓವರ್‌ಡ್ರಾಫ್ಟ್, ಅಂದರೆ ಸಾಲ. ಬಡ್ಡಿ ಸೇರಿಸಿ ಕಟ್ಟಲೇಬೇಕು. 2014ರ ಆಗಸ್ಟ್ 28ರಂದು ಶುರುವಾದ ಈ ಯೋಜನೆಯಲ್ಲಿ ಮೊದಲು ಮಿತಿ 5,000 ಇತ್ತು, 2018ರಲ್ಲಿ 10,000 ಆಯಿತು. ಅದೂ ಗರಿಷ್ಠ ಮಿತಿ, ಎಲ್ಲರಿಗೂ ಅಷ್ಟೇ ಸಿಗುತ್ತೆ ಅಂತಲ್ಲ. 2,000 ರೂಪಾಯಿವರೆಗೆ ಷರತ್ತಿಲ್ಲ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಖಾತೆ ಕನಿಷ್ಠ 6 ತಿಂಗಳು ಸರಿಯಾಗಿ ನಡೆದಿರಬೇಕು. ವಯಸ್ಸಿನ ಮಿತಿ 65. ಇವೆಲ್ಲ ಕೇಂದ್ರ ಹಣಕಾಸು ಸಚಿವಾಲಯ ಪ್ರಕಟಿಸಿರುವ ನಿಯಮಗಳು.

ಹಾಗಂತ ಇದು ಸಣ್ಣ ಸೌಲಭ್ಯ ಅಲ್ಲ. ಸಂತೆಯಲ್ಲಿ ಸೊಪ್ಪು ಮಾರುವವರನ್ನೇ ನೋಡಿ. ಬೆಳಿಗ್ಗೆ 900 ರೂಪಾಯಿ ಕೈಗೆ ಕೊಟ್ಟು, ಸಂಜೆ 1,000 ವಸೂಲಿ ಮಾಡುವ ಮೀಟರ್ ಬಡ್ಡಿಯವರು ಇದ್ದಾರೆ. ದಿನದ ಲಾಭವೆಲ್ಲ ಅಲ್ಲೇ ಹೋಗುತ್ತೆ. ಅಂಥವರಿಗೆ ಬ್ಯಾಂಕಿನ 2,000 ರೂಪಾಯಿ ನಿಜವಾಗಿಯೂ ದೊಡ್ಡ ಆಸರೆ. ಪುಕ್ಕಟೆ ಅಂತ ನಂಬಿ ತೆಗೆದುಕೊಂಡು ಕಟ್ಟದೇ ಬಿಟ್ಟರೆ ಮುಂದೆ ಸಾಲ ಸಿಗೋದೇ ಕಷ್ಟ ಆಗುತ್ತೆ, ಅಲ್ವಾ?

ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ಖಾತೆ ಇರುವ ಶಾಖೆಗೆ ಪಾಸ್‌ಬುಕ್ ಹಿಡಿದು ಹೋಗಿ, ಓವರ್‌ಡ್ರಾಫ್ಟ್ ಎಷ್ಟು ಸಿಗುತ್ತೆ, ಬಡ್ಡಿ ಎಷ್ಟು ಅಂತ ನೇರವಾಗಿ ಕೇಳಿ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.