ಹಸಿರು ಕಾರ್ಡು, ನೀಲಿ ಕಾರ್ಡು

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಎಷ್ಟೋ ವರ್ಷ ಅದನ್ನು ಸುಮ್ನೆ ಒಂದು ಹಳೇ ಕಲ್ಲು ಅಂತ ನೋಡಿ ಮುಂದೆ ಹೋಗಿದ್ದೇನೆ. ಆಮೇಲೆ ಓದಿದೆ. 1918ರ ಸೆಪ್ಟೆಂಬರ್ 23ರಂದು ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರ ಕೈಯಿಂದ ಕಿತ್ತುಕೊಂಡ ಕುದುರೆ ಪಡೆಗಳಲ್ಲಿ ನಮ್ಮ ಮೈಸೂರಿನವರೂ ಇದ್ದರು. ಜೋಧ್‌ಪುರದವರು ಊರಿನ ಕಡೆ ನುಗ್ಗಿದರೆ, ಮೈಸೂರಿನವರು ಕಾರ್ಮೆಲ್ ಬೆಟ್ಟದಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು. ಯಾರ ಸಾಮ್ರಾಜ್ಯಕ್ಕಾಗಿ ಆ ಕುದುರೆಗಳು ಸತ್ತವು ಅನ್ನೋದು ಬೇರೆ ಮಾತು.

ಆ ಕಾರ್ಮೆಲ್ ಬೆಟ್ಟದಲ್ಲಿ ಈಗ ಒಂದು ಜೈಲಿದೆ. ಹೆಸರು ದಾಮೊನ್. ಪ್ಯಾಲೆಸ್ಟೀನಿ ಹೆಂಗಸರನ್ನು ಇಸ್ರೇಲ್ ಹೆಚ್ಚಾಗಿ ಇಡುವುದು ಅಲ್ಲೇ.

2021ರ ಜುಲೈನಲ್ಲಿ ಖಾಲಿದಾ ಜರ್ರಾರ್ ಅಲ್ಲಿದ್ದರು. ಪ್ಯಾಲೆಸ್ಟೀನ್ ಸಂಸತ್ತಿಗೆ ಗೆದ್ದು ಬಂದಿದ್ದವರು. ಅದಕ್ಕೂ ಮೊದಲು ಕೈದಿಗಳ ಹಕ್ಕಿಗಾಗಿ ವರ್ಷಗಟ್ಟಲೆ ಕೆಲಸ ಮಾಡಿದ್ದವರು. ಅವರು ಪಿಎಫ್ಎಲ್‌ಪಿ ಅನ್ನುವ ಎಡಪಂಥದ ಸಂಘಟನೆಯವರು. ಇಸ್ರೇಲ್ ಅದನ್ನು ಉಗ್ರರ ಸಂಘಟನೆ ಅಂತ ನಿಷೇಧಿಸಿದೆ. ಅದರ ಸದಸ್ಯೆ ಅಂತ ಮಿಲಿಟರಿ ಕೋರ್ಟು ಎರಡು ವರ್ಷ ಶಿಕ್ಷೆ ಕೊಟ್ಟಿತ್ತು. ಬಿಡುಗಡೆಗೆ ಇನ್ನು ಎರಡೇ ತಿಂಗಳು ಬಾಕಿ ಇದ್ದಾಗ ಇತ್ತ ಇಸ್ರೇಲ್ ಸೇನೆಯ ಹಿಡಿತದಲ್ಲಿರುವ ವೆಸ್ಟ್ ಬ್ಯಾಂಕಿನ ರಾಮಲ್ಲಾದಲ್ಲಿ ಮಗಳು ತೀರಿಕೊಂಡಳು. ಮಣ್ಣಿಗೆ ಹೋಗಲು ಅನುಮತಿ ಕೇಳಿದರು. ಕೊಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೊರಗೆ ಬಂದವರು ಮನೆಗೆ ಹೋಗುವ ಮೊದಲು ಹೋದದ್ದು ಮಗಳ ಸಮಾಧಿಗೆ.

ಖಾಲಿದಾ ಅವರ ರಾಜಕೀಯವನ್ನು ನೀವು ಒಪ್ಪಬೇಕಾಗಿಲ್ಲ. ನನಗೂ ಅದರಲ್ಲಿ ಎಲ್ಲವೂ ಒಪ್ಪಿಗೆ ಇಲ್ಲ. ನನ್ನ ಪ್ರಶ್ನೆ ಚಿಕ್ಕದು. ರಾಮಲ್ಲಾದವರನ್ನು ಹೈಫಾ ಪಕ್ಕದ ಜೈಲಿನಲ್ಲಿ ಯಾಕೆ ಇಟ್ಟಿದ್ದರು? 1949ರ ನಾಲ್ಕನೇ ಜಿನೀವಾ ಒಪ್ಪಂದದ 76ನೇ ಕಲಂ ಈ ವಿಷಯದಲ್ಲಿ ನೇರವಾಗಿದೆ. ಒಂದು ಸೇನೆ ಬೇರೆಯವರ ನೆಲವನ್ನು ಹಿಡಿದುಕೊಂಡಿದ್ದರೆ, ಅಲ್ಲಿನ ಜನರನ್ನು ಅಲ್ಲೇ ಜೈಲಿನಲ್ಲಿ ಇಡಬೇಕು. ತನ್ನ ದೇಶಕ್ಕೆ ಸಾಗಿಸುವಂತಿಲ್ಲ. ಇಸ್ರೇಲ್ ಸಹಿ ಹಾಕಿರುವ ಒಪ್ಪಂದವೇ ಇದು. ಇದು ಬರೀ ಕಾನೂನಿನ ಮಾತು ಅನ್ನಿಸಬಹುದು. ಆದರೆ ಜೈಲು ಗಡಿಯ ಆ ಕಡೆ ಇದ್ದರೆ ನೋಡಲು ಹೋಗುವ ತಾಯಿಗೋ ತಂಗಿಗೋ ಪರವಾನಗಿ ಬೇಕು. ಪರವಾನಗಿ ಕೊಡುವುದೂ ಬಿಡುವುದೂ ಅದೇ ಸೇನೆ. 2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಶುರುವಾದ ಮೇಲಂತೂ ಮನೆಯವರ ಭೇಟಿಯೂ ನಿಂತಿತು, ರೆಡ್ ಕ್ರಾಸ್‌ನವರ ಭೇಟಿಯೂ ನಿಂತಿತು.

ಆ ವರ್ಷದ ಡಿಸೆಂಬರ್‌ನಲ್ಲಿ ಖಾಲಿದಾರನ್ನು ಮತ್ತೆ ಹಿಡಿದರು. ಈ ಸಲ ಆರೋಪವೇ ಇಲ್ಲ. ಆಡಳಿತಾತ್ಮಕ ಬಂಧನ ಅನ್ನುತ್ತಾರೆ. ಆರು ತಿಂಗಳಿಗೆ ಒಂದು ಆದೇಶ, ಮುಗಿದರೆ ಇನ್ನೊಂದು. ಸಾಕ್ಷ್ಯ ಗುಟ್ಟಿನದು, ಕೈದಿಗೂ ತೋರಿಸುವುದಿಲ್ಲ, ವಕೀಲರಿಗೂ ತೋರಿಸುವುದಿಲ್ಲ. 2025ರ ಜನವರಿಯ ಕದನವಿರಾಮದಲ್ಲಿ ಮೊದಲು ಬಿಟ್ಟ 90 ಜನರಲ್ಲಿ ಅವರೂ ಇದ್ದರು. ಆ 90ರಲ್ಲಿ ಬಹುಪಾಲು ಹೆಂಗಸರೇ.

ನಮ್ಮ ಚಿಕ್ಕಮ್ಮ ಟಿವಿ ಮುಂದೆ ಅವರೆಕಾಯಿ ಸುಲಿಯುತ್ತಾ ಇಂಥ ಸುದ್ದಿ ಬಂದರೆ ‘ಪಾಪ ಕಣೇ’ ಅನ್ನುತ್ತಾರೆ. ಅವರ ಮನಸ್ಸು ದೊಡ್ಡದು, ನನಗೆ ಗೊತ್ತು. ಆದರೂ ಆ ‘ಪಾಪ’ ಕೇಳಿದರೆ ನನಗೆ ಈಚೆಗೆ ರೇಗುತ್ತದೆ. ಪಾಪ ಅನ್ನುವುದು ಭೂಕಂಪ ಆದವರಿಗೆ, ಪ್ರವಾಹ ಬಂದವರಿಗೆ. ಇಲ್ಲಿ ನಡೆದಿರುವುದು ಆಫೀಸಿನಲ್ಲಿ ಕೂತು, ಫಾರಂ ಪ್ರಿಂಟ್ ಮಾಡಿಸಿ, ಸೀಲು ಹಾಕಿ ಮಾಡಿದ ಕೆಲಸ. ಬಾಂಬು ಟಿವಿಯಲ್ಲಿ ಕಾಣುತ್ತದೆ. ಸೀಲು ಕಾಣುವುದಿಲ್ಲ.

ಸೀಲಿನ ಕಥೆ ಹೇಳುತ್ತೇನೆ. ಸ್ವಲ್ಪ ತಾಳ್ಮೆ ಇರಲಿ, ಇದು ಗೋಜಲು.

1967ರ ಯುದ್ಧದಲ್ಲಿ ಇಸ್ರೇಲ್ ವೆಸ್ಟ್ ಬ್ಯಾಂಕ್, ಪೂರ್ವ ಜೆರುಸಲೇಂ, ಗಾಜಾ ಮೂರನ್ನೂ ಹಿಡಿದುಕೊಂಡಿತು. ಪೂರ್ವ ಜೆರುಸಲೇಂ ನಮ್ಮದೇ ಊರಿನ ಭಾಗ ಅಂತ ಸೇರಿಸಿಕೊಂಡಿತು. ಅಲ್ಲಿನ ಪ್ಯಾಲೆಸ್ಟೀನಿಯರಿಗೆ ನೀಲಿ ಕಾರ್ಡು. ಪೌರತ್ವ ಅಲ್ಲ, ‘ವಾಸಿ’ ಅಂತ ಅಷ್ಟೇ. ವೆಸ್ಟ್ ಬ್ಯಾಂಕಿನವರಿಗೆ ಹಸಿರು ಕಾರ್ಡು. ಈಗ ಬೆತ್ಲೆಹೆಮ್‌ನ ಒಬ್ಬ ಹುಡುಗಿಗೆ ಜೆರುಸಲೇಂ ಹುಡುಗನ ಜೊತೆ ಮದುವೆ ಆಯಿತು ಅಂತಿಟ್ಟುಕೊಳ್ಳಿ. ಎರಡು ಊರಿನ ನಡುವೆ ಇರುವುದು ಹತ್ತು ಕಿಲೋಮೀಟರ್ ಆಸುಪಾಸು. ಮೆಜೆಸ್ಟಿಕ್‌ನಿಂದ ಬನಶಂಕರಿಗೆ ಸೊಸೆ ಬಂದ ಹಾಗೆ.

ಬರುವ ಹಾಗಿಲ್ಲ. 2003ರಲ್ಲಿ ಇಸ್ರೇಲ್ ಒಂದು ‘ತಾತ್ಕಾಲಿಕ’ ಕಾನೂನು ತಂದಿತು. ವೆಸ್ಟ್ ಬ್ಯಾಂಕ್, ಗಾಜಾದವರನ್ನು ಮದುವೆಯಾದರೆ ಗಂಡ ಹೆಂಡತಿ ಒಟ್ಟಿಗೆ ಇರುವ ಹಕ್ಕು ಸಿಗುವುದಿಲ್ಲ ಅಂತ. ಭದ್ರತೆ ಕಾರಣ ಅಂದರು. ಆಮೇಲೆ ಸಣ್ಣ ಸಡಿಲಿಕೆ ಮಾಡಿದರು. ವೆಸ್ಟ್ ಬ್ಯಾಂಕಿನಿಂದ ಬರುವವರು ಹೆಂಡತಿಯಾದರೆ 25 ದಾಟಿರಬೇಕು, ಗಂಡನಾದರೆ 35 ದಾಟಿರಬೇಕು, ಆಗ ಒಂದು ಪರವಾನಗಿಗೆ ಅರ್ಜಿ ಹಾಕಬಹುದು, ಅದನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುತ್ತಾ ಇರಬೇಕು. ಪ್ರೀತಿಗೆ ವಯಸ್ಸಿಲ್ಲ ಅಂತ ನಾವು ಅನ್ನುತ್ತೇವೆ, ಅಲ್ಲಿ ಆ ವಯಸ್ಸನ್ನು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಈ ತಾತ್ಕಾಲಿಕ ಕಾನೂನು 2021ರ ಜುಲೈವರೆಗೆ ಇತ್ತು. ಆಗ ಒಮ್ಮೆ ಬಿದ್ದುಹೋಯಿತು. 2022ರ ಮಾರ್ಚ್‌ನಲ್ಲಿ ಮತ್ತೆ ತಂದರು.

ಸರಿ, ಗಂಡನೇ ಬೆತ್ಲೆಹೆಮ್‌ಗೆ ಹೋಗಲಿ ಅನ್ನುತ್ತೀರಾ? ಹೋದರೆ ನೀಲಿ ಕಾರ್ಡು ಹೋಗಬಹುದು. ‘ನಿನ್ನ ಬದುಕಿನ ಕೇಂದ್ರ ಜೆರುಸಲೇಂ ಅಲ್ಲ’ ಅಂತ ಬರೆದು ಕಿತ್ತುಕೊಳ್ಳುತ್ತಾರೆ. ಕರೆಂಟ್ ಬಿಲ್, ಮಕ್ಕಳ ಸ್ಕೂಲ್ ಚೀಟಿ, ಮನೆ ಕಂದಾಯ ಎಲ್ಲ ತೋರಿಸಿ ಸಾಬೀತು ಮಾಡಬೇಕು. 1967ರಿಂದ ಹೀಗೆ ಜೆರುಸಲೇಂನಲ್ಲಿ ಇರುವ ಹಕ್ಕು ಕಳೆದುಕೊಂಡವರು 14 ಸಾವಿರಕ್ಕೂ ಜಾಸ್ತಿ. ಅವರಲ್ಲಿ ಎಷ್ಟೋ ಜನ ಅಲ್ಲೇ ಹುಟ್ಟಿದವರು, ಅವರ ಅಜ್ಜ ಅಜ್ಜಿಯೂ ಅಲ್ಲೇ ಹುಟ್ಟಿದವರು.

ಹಾಗಾಗಿ ಇಂಥ ಜೋಡಿಗಳು ಕುಫ್ರ್ ಅಕಬ್ ಅನ್ನುವ ಬಡಾವಣೆಗೆ ಹೋಗುತ್ತಾರೆ. ಅದು ಕಾಗದದಲ್ಲಿ ಜೆರುಸಲೇಂ ಪಾಲಿಕೆಗೆ ಸೇರಿದ್ದು. ಆದರೆ ಇಸ್ರೇಲ್ ಕಟ್ಟಿದ ತಡೆಗೋಡೆಯ ಆಚೆ, ರಾಮಲ್ಲಾ ಬದಿಯಲ್ಲಿ ಇದೆ. ಅವನ ನೀಲಿ ಕಾರ್ಡು ಉಳಿಯುತ್ತದೆ, ಅವಳು ಚೆಕ್‌ಪಾಯಿಂಟ್ ದಾಟದೆ ಅಲ್ಲಿರಬಹುದು. ಒಂದಕ್ಕೊಂದು ಅಂಟಿಕೊಂಡ ಎತ್ತರದ ಕಟ್ಟಡಗಳು, ಎತ್ತದ ಕಸ, ಕಿತ್ತುಹೋದ ರಸ್ತೆ. ಕಂದಾಯ ಮಾತ್ರ ಜೆರುಸಲೇಂ ಲೆಕ್ಕದಲ್ಲಿ ಕಟ್ಟಬೇಕು. ಮಗುವಿಗೆ ಜ್ವರ ಬಂದು ಜೆರುಸಲೇಂ ಆಸ್ಪತ್ರೆಗೆ ಹೋಗಬೇಕಾದರೆ ಕಲಂದಿಯಾ ಚೆಕ್‌ಪಾಯಿಂಟ್ ದಾಟಬೇಕು. ಅಪ್ಪ ದಾಟಬಹುದು, ಮಗು ದಾಟಬಹುದು. ಪರವಾನಗಿ ಇಲ್ಲದ ಅಮ್ಮ ದಾಟುವ ಹಾಗಿಲ್ಲ.

ಇದರ ಇನ್ನೊಂದು ಮಗ್ಗುಲು ನನ್ನನ್ನು ಜಾಸ್ತಿ ಕಾಡುತ್ತದೆ. ಹೆಂಡತಿಯ ಪರವಾನಗಿ ಗಂಡನ ಕಾರ್ಡಿಗೆ ಜೋತುಬಿದ್ದಿದೆ. ಅವನು ಹೊಡೆದರೆ? ಅವನನ್ನು ಬಿಟ್ಟು ಹೋದರೆ ಪರವಾನಗಿ ಹೋಗಬಹುದು. ಮಕ್ಕಳು ನೀಲಿ ಕಾರ್ಡಿನವರು, ಗೋಡೆಯ ಆ ಕಡೆ ಉಳಿಯುತ್ತಾರೆ. ಹೊಡೆಯುವ ಗಂಡ ಎಲ್ಲ ಊರಲ್ಲೂ ಇದ್ದಾನೆ. ಅವನ ಕೈಗೆ ಗಡಿಯನ್ನೇ ಕೋಲಾಗಿ ಕೊಡುವ ಕಾನೂನು ಎಲ್ಲ ಊರಲ್ಲೂ ಇಲ್ಲ.

ನಮ್ಮ ಅಕ್ಕನಿಗೆ ಹೆರಿಗೆ ನೋವು ಬಂದ ದಿನ ನಾವು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದೆವು. ಆ ಮುಕ್ಕಾಲು ಗಂಟೆ ಇವತ್ತಿಗೂ ಮರೆತಿಲ್ಲ. ಆದರೆ ಟ್ರಾಫಿಕ್ಕಿಗೆ ನಮ್ಮ ಕಾರ್ಡಿನ ಬಣ್ಣ ಗೊತ್ತಿರಲಿಲ್ಲ. ಎರಡನೇ ಇಂತಿಫಾದಾ, ಅಂದರೆ ಪ್ಯಾಲೆಸ್ಟೀನಿಯರ ಎರಡನೇ ದಂಗೆ ಎದ್ದ ಕಾಲದಲ್ಲಿ, 2000ದಿಂದ 2006ರವರೆಗೆ, 60ಕ್ಕೂ ಹೆಚ್ಚು ಪ್ಯಾಲೆಸ್ಟೀನಿ ಹೆಂಗಸರು ಚೆಕ್‌ಪಾಯಿಂಟ್‌ನಲ್ಲೇ ಹೆತ್ತರು ಅಂತ ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕ ವಿಶ್ವಸಂಸ್ಥೆಯ ವರದಿಯಲ್ಲಿದೆ. ಎಷ್ಟೋ ಕೂಸುಗಳು ಉಳಿಯಲಿಲ್ಲ. ಕೆಲವು ತಾಯಂದಿರೂ ಉಳಿಯಲಿಲ್ಲ. ಆಮೇಲೆ ಇಂಥ ಹೆರಿಗೆ ಕಡಿಮೆ ಆಯಿತು ಅಂತ ಓದಿದಾಗ ಸಮಾಧಾನ ಆಯಿತು. ಆದರೆ ದಿನ ತುಂಬುವ ಮೊದಲೇ ಊರು ಬಿಟ್ಟು ಆಸ್ಪತ್ರೆ ಹತ್ತಿರದ ನೆಂಟರ ಮನೆ ಸೇರುವವರೂ ಇದ್ದಾರಂತೆ. ಈಗ ವೆಸ್ಟ್ ಬ್ಯಾಂಕಿನಲ್ಲಿ ಚೆಕ್‌ಪಾಯಿಂಟ್, ಗೇಟು, ಮಣ್ಣುದಿಬ್ಬ ಎಲ್ಲ ಸೇರಿ 800ಕ್ಕೂ ಹೆಚ್ಚು ತಡೆಗಳಿವೆ. 

ಕ್ಯಾನ್ಸರ್ ವಿಷಯವೂ ಹಾಗೇ. ಪ್ಯಾಲೆಸ್ಟೀನಿ ಹೆಂಗಸರಲ್ಲಿ ಹೆಚ್ಚಾಗಿ ಕಾಣುವುದು ಸ್ತನ ಕ್ಯಾನ್ಸರ್. ವೆಸ್ಟ್ ಬ್ಯಾಂಕ್, ಗಾಜಾ ಎರಡಕ್ಕೂ ರೇಡಿಯೊಥೆರಪಿ ಅಂತ ಇದ್ದದ್ದು ಪೂರ್ವ ಜೆರುಸಲೇಂನ ಆಗಸ್ಟಾ ವಿಕ್ಟೋರಿಯಾ ಆಸ್ಪತ್ರೆ ಒಂದೇ. ಅಲ್ಲಿಗೆ ಹೋಗಲು ಪರವಾನಗಿ. ಜೊತೆಗೆ ಬರುವವರಿಗೆ ಬೇರೆ ಪರವಾನಗಿ. ಚಿಕಿತ್ಸೆ ತಗೊಂಡು ವಾಂತಿ ಮಾಡಿಕೊಳ್ಳುವಾಗ ಬೆನ್ನು ಸವರಲು ಯಾರು ಬರಬೇಕು ಅನ್ನುವುದನ್ನೂ ಸೇನೆಯೇ ನಿರ್ಧರಿಸುತ್ತದೆ. 

ಗಾಜಾ ಬಗ್ಗೆ ಬರೆಯಲು ಕೂತರೆ ಕೈ ಓಡುವುದಿಲ್ಲ. ಯುದ್ಧ ಶುರುವಾದಾಗ ಅಲ್ಲಿ ಸುಮಾರು 50 ಸಾವಿರ ಬಸುರಿಯರಿದ್ದರು. ದಿನಕ್ಕೆ 180ರಷ್ಟು ಹೆರಿಗೆ. ಅರಿವಳಿಕೆ ಇಲ್ಲದೆ ಸಿಜೇರಿಯನ್ ಮಾಡಿದ್ದನ್ನು ಅಲ್ಲಿನ ಡಾಕ್ಟರುಗಳೇ ಹೇಳಿದ್ದಾರೆ. ಈ ವಾಕ್ಯವನ್ನು ಇನ್ನೊಂದು ಸಲ ಓದಿ. ಅಲ್ ಬಸ್ಮಾ ಅನ್ನುವ ಐವಿಎಫ್ ಕ್ಲಿನಿಕ್ಕಿಗೆ 2023ರ ಡಿಸೆಂಬರ್‌ನಲ್ಲಿ ಶೆಲ್ ಬಿದ್ದು ಸುಮಾರು 4 ಸಾವಿರ ಭ್ರೂಣಗಳು ಹಾಳಾದವು. ಗಾಜಾದ ಒಂದೇ ಒಂದು ಕ್ಯಾನ್ಸರ್ ಆಸ್ಪತ್ರೆ ಆ ವರ್ಷವೇ ಮುಚ್ಚಿತು, 2025ರ ಮಾರ್ಚ್‌ನಲ್ಲಿ ಕಟ್ಟಡವನ್ನೇ ಒಡೆದರು. ನವಿ ಪಿಳ್ಳೈ ನೇತೃತ್ವದ ವಿಶ್ವಸಂಸ್ಥೆಯ ತನಿಖಾ ಆಯೋಗ ಅದೇ ತಿಂಗಳು ಹೆಂಗಸರ ಮೇಲಿನ ಹಿಂಸೆ ಬಗ್ಗೆಯೇ ಒಂದು ವರದಿ ಕೊಟ್ಟಿತು. ಇಸ್ರೇಲ್ ಅದನ್ನು ತಳ್ಳಿಹಾಕಿತು. ಮೇ ತಿಂಗಳ ಹೊತ್ತಿಗೆ 28 ಸಾವಿರಕ್ಕೂ ಹೆಚ್ಚು ಹೆಂಗಸರು, ಹುಡುಗಿಯರು ಸತ್ತಿದ್ದಾರೆ ಅಂತ ವಿಶ್ವಸಂಸ್ಥೆಯ ಮಹಿಳಾ ಘಟಕದ ಅಂದಾಜು. ಆಗಸ್ಟ್‌ನಲ್ಲಿ ಗಾಜಾ ನಗರದ ಕಡೆ ಬರಗಾಲ ಅಂತ ಅಧಿಕೃತವಾಗಿ ಹೇಳಿದರು. ಮಳೆ ಬಾರದೆ ಬಂದ ಬರ ಅಲ್ಲ ಇದು. ಲಾರಿಗಳು ಗಡಿಯಲ್ಲಿ ನಿಂತಿದ್ದವು.

ಒಂದು ಚಿಕ್ಕ ವಿಷಯ. ಪ್ಯಾಡ್. ಡೇರೆಗಳಲ್ಲಿ ಇದ್ದ ಹೆಂಗಸರು ಪ್ಯಾಡ್ ಸಿಗದೆ ಹಳೇ ಬಟ್ಟೆ ಹರಿದು ಬಳಸಿದರು. ಡೇರೆಯ ಬಟ್ಟೆಯನ್ನೇ ಕತ್ತರಿಸಿ ಬಳಸಿದರು. ಕೆಲವರು ಮುಟ್ಟು ಮುಂದೆ ಹಾಕುವ ಮಾತ್ರೆ ನುಂಗಿದರು. ನಮ್ಮಲ್ಲಿ ಮನೆಯಲ್ಲಿ ಪೂಜೆ ಇದ್ದರೆ ನುಂಗುತ್ತಾರಲ್ಲ, ಅಂಥದ್ದೇ ಮಾತ್ರೆ. ತಿಂಗಳುಗಟ್ಟಲೆ ಅದನ್ನೇ ನುಂಗಿದರೆ ಮೈ ಏನಾಗುತ್ತದೆ ಅಂತ ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾಗಿಲ್ಲ. ನೂರಾರು ಜನಕ್ಕೆ ಒಂದು ಕಕ್ಕಸು, ತೊಳೆಯಲು ನೀರಿಲ್ಲ. ಪರಿಹಾರದ ಪಟ್ಟಿಯಲ್ಲಿ ಅಕ್ಕಿ, ಹಿಟ್ಟು, ಡಬ್ಬಿ ಊಟ ಮೊದಲು ಬರುತ್ತವೆ. ಪ್ಯಾಡ್ ಆಮೇಲೆ, ಜಾಗ ಉಳಿದರೆ. ಆಕ್ರಮಿತ ನೆಲದ ಜನರಿಗೆ ಊಟ, ಔಷಧ ತಲುಪುವಂತೆ ನೋಡಿಕೊಳ್ಳುವುದು ಹಿಡಿದುಕೊಂಡವರ ಕರ್ತವ್ಯ ಅಂತ ಅದೇ ಜಿನೀವಾ ಒಪ್ಪಂದದ 55ನೇ ಕಲಂ ಹೇಳುತ್ತದೆ. ಹಾಗಾಗಿ ನಾನು ಇದನ್ನು ದಾನದ ಲೆಕ್ಕಕ್ಕೆ ಹಾಕುವುದಿಲ್ಲ. ಬಾಕಿ ಲೆಕ್ಕಕ್ಕೆ ಹಾಕುತ್ತೇನೆ.

‘ಅಕ್ಟೋಬರ್ 7ರ ಬಗ್ಗೆ ಯಾಕೆ ಬರೆಯಲ್ಲ’ ಅಂತ ಕೇಳುವವರು ಇದ್ದೇ ಇರುತ್ತಾರೆ. ಬರೆಯುತ್ತೇನೆ. ಅವತ್ತು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನರನ್ನು ಹಿಡಿದುಕೊಂಡು ಹೋದರು. ಇಸ್ರೇಲಿ ಹೆಂಗಸರ ಮೇಲೆ ಲೈಂಗಿಕ ಹಿಂಸೆ ನಡೆದಿದೆ ಎಂದು ನಂಬಲು ಸಾಕಷ್ಟು ಆಧಾರ ಇದೆ ಅಂತ ವಿಶ್ವಸಂಸ್ಥೆಯ ಪ್ರಮೀಳಾ ಪ್ಯಾಟನ್ 2024ರ ಮಾರ್ಚ್‌ನಲ್ಲಿ ಹೇಳಿದರು. ಅದನ್ನು ಅಲ್ಲಗಳೆಯುವ ಪ್ಯಾಲೆಸ್ಟೀನ್ ಪರದವರ ಜೊತೆ ನನ್ನ ಜಗಳ ಇದೆ. ಆದರೆ ಕುಫ್ರ್ ಅಕಬ್‌ನ ಹೆಂಗಸಿನ ಪರವಾನಗಿಯ ಕಾನೂನು 2003ರದ್ದು. ಅದಕ್ಕೆ 2023 ಉತ್ತರ ಆಗುವುದಿಲ್ಲ.

ಅವರ ಸಮಾಜದಲ್ಲೇನೂ ಎಲ್ಲ ಚೆನ್ನಾಗಿಲ್ಲ. ಮನೆಯೊಳಗಿನ ಹಿಂಸೆ ತಡೆಯುವ ಕಾನೂನಿನ ಕರಡು ವರ್ಷಗಳಿಂದ ಹಾಗೇ ಬಿದ್ದಿದೆ. ಮದುವೆ ವಯಸ್ಸು 18ಕ್ಕೆ ಏರಿದ್ದು 2019ರಲ್ಲಿ. ಅದೇ ವರ್ಷ ಬೆತ್ಲೆಹೆಮ್ ಹತ್ತಿರದ ಒಬ್ಬ ಹುಡುಗಿ ಮನೆಯವರ ಹೊಡೆತಕ್ಕೆ ಸತ್ತಳು ಅನ್ನುವ ಆರೋಪ ಬಂದಾಗ, ಸೆಪ್ಟೆಂಬರ್‌ನಲ್ಲಿ ಹೆಂಗಸರು ‘ತಾಲಿಆತ್’, ಅಂದರೆ ‘ಹೊರಗೆ ಹೊರಟವರು’, ಅಂತ ಬೀದಿಗೆ ಇಳಿದರು. ಹೆಣ್ಣು ಬಿಡುಗಡೆ ಆಗದೆ ನಾಡು ಬಿಡುಗಡೆ ಆಗುವುದಿಲ್ಲ ಅಂತ ಅವರ ಘೋಷಣೆ. ಇದರಲ್ಲೂ ಆ ಸೀಲು ಕೈಯಾಡಿಸುತ್ತದೆ. ವೆಸ್ಟ್ ಬ್ಯಾಂಕಿನ ಸುಮಾರು 60 ಶೇಕಡಾ ನೆಲ ‘ಸಿ’ ವಲಯ, ಪೂರಾ ಇಸ್ರೇಲಿ ಸೇನೆಯ ಕೈಯಲ್ಲಿ. ಅಲ್ಲಿ ಗಂಡ ಹೊಡೆದರೆ ಪ್ಯಾಲೆಸ್ಟೀನಿ ಪೊಲೀಸರು ಬರಬೇಕಾದರೂ ಇಸ್ರೇಲ್ ಒಪ್ಪಬೇಕು.

ನಮ್ಮ ಸರ್ಕಾರದ ಬಗ್ಗೆ ಎರಡೇ ಮಾತು. 1988ರಲ್ಲೇ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟ ದೇಶ ನಮ್ಮದು. 2024ರ ಜುಲೈನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಈ ಹಿಡಿತವೇ ಕಾನೂನುಬಾಹಿರ ಅಂತ ಅಭಿಪ್ರಾಯ ಕೊಟ್ಟಿತು. ಅದನ್ನು ಜಾರಿ ಮಾಡಿ ಅಂತ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಮತ ಬಿದ್ದಾಗ 124 ದೇಶ ಹೌದು ಅಂದವು. ನಾವು ಹೌದೂ ಅನ್ನದೆ ಇಲ್ಲವೂ ಅನ್ನದೆ ತಟಸ್ಥರಾಗಿ ಉಳಿದೆವು. ಸಹಾಯಕ್ಕೆ ದುಡ್ಡು, ಔಷಧ ಕಳಿಸುತ್ತೇವೆ, ಸುಳ್ಳಲ್ಲ. ಚಿಕ್ಕಮ್ಮನ ‘ಪಾಪ’ದ ಸರ್ಕಾರಿ ರೂಪ ಅದು.

ಕೊನೆಗೆ ಸಮೀಹಾ ಖಲೀಲ್ ಬಗ್ಗೆ ಹೇಳಬೇಕು. 1965ರಲ್ಲಿ ರಾಮಲ್ಲಾ ಪಕ್ಕದ ಅಲ್ ಬಿರೆಯಲ್ಲಿ ಇನಾಶ್ ಅಲ್ ಉಸ್ರಾ ಅನ್ನುವ ಸಂಸ್ಥೆ ಕಟ್ಟಿದವರು. ಹೆಂಗಸರಿಗೆ ಹೊಲಿಗೆ, ಕಸೂತಿ, ಓದು, ಕೈಗೆ ನಾಲ್ಕು ಕಾಸು. ಇಸ್ರೇಲ್ ಎಷ್ಟೋ ಸಲ ಹಿಡಿದು ಕೂರಿಸಿತು. 1996ರ ಅಧ್ಯಕ್ಷ ಚುನಾವಣೆಯಲ್ಲಿ ಅರಾಫತ್ ಎದುರು ನಿಂತದ್ದು ಈ ಅಜ್ಜಿ ಒಬ್ಬರೇ. ಸೋತರು, ಆದರೆ ನಿಂತರು. ಅದಕ್ಕೂ ಮೊದಲು, ಪ್ಯಾಲೆಸ್ಟೀನಿ ಬಾವುಟ ಹಾರಿಸುವುದಕ್ಕೆ ನಿಷೇಧ ಇದ್ದ ಕಾಲದಲ್ಲಿ, ಮೊದಲ ಇಂತಿಫಾದಾದ ಹೊತ್ತಿಗೆ, ಹೆಂಗಸರು ತಮ್ಮ ಉದ್ದನೆಯ ಅಂಗಿಯ ಮೇಲೆ ಬಾವುಟದ ಬಣ್ಣಗಳನ್ನೇ ಕಸೂತಿ ಹಾಕಿಕೊಂಡರು. ಕೋಲಿನ ಮೇಲಿದ್ದರೆ ಕಿತ್ತುಕೊಳ್ಳಬಹುದು. ಎದೆ ಮೇಲೆ ಹೊಲಿದುಕೊಂಡದ್ದನ್ನು ಏನು ಮಾಡುತ್ತಾರೆ?

ಅಂಥ ಒಂದು ಅಂಗಿಯ ಫೋಟೋ ಅಮ್ಮನಿಗೆ ತೋರಿಸಿದೆ. ಅಮ್ಮ ಧಾರವಾಡದವರು. ಈಗಲೂ ಇಳಕಲ್ ಸೀರೆಗೆ ಗೋಪುರ, ತೇರು ಹಾಕುತ್ತಾರೆ. ಕನ್ನಡಕ ಏರಿಸಿಕೊಂಡು ಮೊಬೈಲನ್ನು ಮುಖದ ಹತ್ತಿರ ತಂದರು. ‘ಇದು ನಮ್ಮ ಮೆಂತಿ ಹೊಲಿಗಿ ಇದ್ದಂಗ ಐತಲ್ಲ’ ಅಂದರು. ಆ ಹೆಂಗಸರು ಯಾರು, ಯಾವ ದೇಶ ಅಂತ ಹೇಳತೊಡಗಿದೆ. ಅವರ ಗಮನ ಅಲ್ಲಿರಲಿಲ್ಲ. ಬೆರಳಿನಿಂದ ಫೋಟೋ ದೊಡ್ಡದು ಮಾಡಿ ಎಳೆ ಎಣಿಸುತ್ತಿದ್ದರು.

‘ಹಿಂದಿನ ಮಗ್ಗಲದ್ದು ಫೋಟೋ ಐತೇನು?’ ಅಂತ ಕೇಳಿದರು. ‘ಗಂಟು ಹಾಕ್ಯಾರೋ ಇಲ್ಲೋ ನೋಡಬೇಕು.’