ಓಟಕ್ಕಿಂತ ಬೂಟೇ ಜಾಸ್ತಿ ಕಾಡಿತ್ತು

ಸೇನಾಧಿಕಾರಿಗಳನ್ನು ತಯಾರು ಮಾಡುವ ಚೆನ್ನೈನ ತರಬೇತಿ ಅಕಾಡೆಮಿಗೆ (ಒಟಿಎ) ಹೋಗುವವರು ಮೊದಲು ಚೆನ್ನಾಗಿ ಓಡುವುದನ್ನು ರೂಢಿ ಮಾಡಿಕೊಳ್ಳಿ ಅಂತ ಬರೆದಿದ್ದೀರಿ. ಓಟ ಬೇಕೇ ಬೇಕು. ಆದರೆ ಮೊದಲ ವಾರ ನನ್ನನ್ನು ಕಾಡಿದ್ದು ಹೊಸ ಡ್ರಿಲ್ ಬೂಟು. ಎರಡೇ ದಿನಕ್ಕೆ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಬೊಬ್ಬೆ. ಅಲ್ಲಿನ ಸೆಕೆಗೆ ಸಾಕ್ಸ್ ಹಿಂಡಿದರೆ ನೀರು ಬರುತ್ತಿತ್ತು. ಒಣಗಿದ ಇನ್ನೊಂದು ಜೋಡಿ ಯಾವಾಗಲೂ ಕೈಗೆ ಸಿಗುವಂತಿರಲಿ. ಬೆಳಿಗ್ಗೆ ಪಿಟಿ ಮುಗಿಸಿ ಬಟ್ಟೆ ಬದಲಿಸಲು ಸಿಗುವುದು ಕೆಲವೇ ನಿಮಿಷ, ರಾತ್ರಿಯೇ ಎಲ್ಲ ಜೋಡಿಸಿಟ್ಟು ಮಲಗಿ. ನನ್ನ ಹಿಂದಿಯೂ ಅಷ್ಟಕ್ಕಷ್ಟೇ. ‘ಪೀಛೇ ಮುಡ್’ (ಹಿಂದಕ್ಕೆ ತಿರುಗು) ಅಂದಾಗ ಬಲಕ್ಕೆ ತಿರುಗಿ, ಪಕ್ಕದವನ ಕಿವಿ ನೋಡುತ್ತಾ ನಿಂತಿದ್ದೆ! ಇನ್ನು, ತರಬೇತಿ 49 ವಾರ ಅಂತ ಸುಮ್ನೆ ಲೆಕ್ಕ ಹಾಕಬೇಡಿ. ಮಧ್ಯಾಹ್ನದ ಊಟದವರೆಗೆ ತಳ್ಳಿದರೆ ಸಾಕು. ಊಟ ಚೆನ್ನಾಗಿರುತ್ತೆ, ಬೇಗ ನುಂಗಬೇಕು ಅಷ್ಟೇ.